ಕಣಿವೆಯಾಚೆಯ ಜಿಂಕೆಗೆ ಯಾವ ತೋಟಾ

ಚೈನೀಸ್ ಹೊಸ ವರ್ಷದ ರಜೆ ಮುಗಿಯುತ್ತಿದ್ದ ಹಾಗೆ ಸಿಂಗಾಪುರದ ಬುಕಿತ್ ಬಾಟೋಕ್‌ನ ನಮ್ಮ ಮನೆಯಲ್ಲಿ ತೋಟಾಗಳ ಮಾತು ಶುರುವಾಗುತ್ತಿತ್ತು. ತೋಟಾ ಅಂದರೆ ಕೋವಿಗೆ ತುಂಬುವುದು: ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ತುದಿಯಲ್ಲಿ ಗುಂಡು. ಮನೆಯಲ್ಲಿ ಇದ್ದದ್ದು ಮಾತು ಮಾತ್ರ. ಹೊಡೆದು ಖಾಲಿಯಾದ ಕೊಳವೆಯೊಂದು ಜೇಬಿನಲ್ಲಿ ಸಿಕ್ಕರೂ ಇಲ್ಲಿಯ ಪೊಲೀಸರಿಗೆ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಇವರು ಬೇಟೆ ಮುಗಿಸಿ ನ್ಯೂಜಿಲೆಂಡಿನಿಂದ ಹೊರಡುವ ಮುಂಚೆ ಜಾಕೆಟ್ಟಿನ ಒಂದೊಂದು ಜೇಬನ್ನೂ ಒಳಗುಹೊರಗು ಮಾಡಿ ಒದರುತ್ತಿದ್ದರು. ಮನೆಗೆ ಬಂದ ಮೇಲೆ ಬಾಗಿಲಲ್ಲೇ ಮತ್ತೊಮ್ಮೆ ಒದರುತ್ತಿದ್ದರು. ನಮ್ಮ ಕಾರಿಡಾರಿನಲ್ಲಿ ಒಣ ಹುಲ್ಲಿನ ಕಡ್ಡಿಗಳು ಉದುರುತ್ತಿದ್ದವು.

ಇವರು, ಅಂದರೆ ನನ್ನ ಗಂಡ, ಸೆಲೆಟಾರಿನಲ್ಲಿ ವಿಮಾನದ ಎಂಜಿನ್‌ಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದು ಬಹುಮಾನ ಗೆದ್ದವರು. ಮದುವೆಯಾದಾಗ ನನಗೆ ಕಂಡದ್ದು ಅತ್ತೆಯ ಷೋಕೇಸಿನಲ್ಲಿದ್ದ ಒಂದು ಮಾಸಿದ ಕಪ್ ಮಾತ್ರ. ಆ ಹುಚ್ಚು ಮತ್ತೆ ಚಿಗುರಿದ್ದು ಸೆಲೆಟಾರಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ನ್ಯೂಜಿಲೆಂಡಿನ ಗೆಳೆಯನಿಂದ. ಅವರು ಕೆಲಸ ಬಿಟ್ಟು ತಮ್ಮ ದೇಶದ ದಕ್ಷಿಣ ದ್ವೀಪಕ್ಕೆ, ಅಪ್ಪನ ಕುರಿ ಫಾರ್ಮಿಗೆ ವಾಪಸ್ ಹೋದಾಗ ಇವರನ್ನು ಕರೆದರು. ಒಂದು ಸಲ ಹೋಗಿ ಬಂದರು. ಆಮೇಲೆ ಪ್ರತಿ ಏಪ್ರಿಲ್, ಅಲ್ಲಿಯ ಗಂಡು ಜಿಂಕೆಗಳು ಹೆಣ್ಣನ್ನು ಕರೆದು ಕೂಗುವ ಕಾಲಕ್ಕೆ, ಒಂದು ವಾರ ರಜೆ ಹಾಕಿ ಹೊರಟೇಬಿಡುತ್ತಿದ್ದರು.

ಮೊದಮೊದಲು ನಾನು ಜಗಳ ಆಡಿದ್ದೇನೆ.

“ಅಲ್ಲಾ ರೀ, ಅಷ್ಟು ದೂರ ಫ್ಲೈಟ್ ಹತ್ತಿ ಹೋಗಿ ಒಂದು ಪ್ರಾಣಿ ಜೀವ ತೆಗೀಬೇಕಾ?”

“ಆ ದೇಶಕ್ಕೆ ಜಿಂಕೆ ಹೊರಗಿಂದ ಬಂದದ್ದು ಕಣೇ. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ಕಾಡನ್ನೇ ಮೇದು ಮುಗಿಸ್ತಿವೆ. ಹೊಡೀರಿ ಅಂತ ಸರ್ಕಾರಾನೇ ಹೇಳುತ್ತೆ.”

“ಹಾಗಾದ್ರೆ ಸರ್ಕಾರಾನೇ ಹೊಡೀಲಿ. ನೀವ್ಯಾಕೆ?”

ಇಷ್ಟಾದ ಮೇಲೆ ಅವರು ಪೇಪರ್ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಕೂರುತ್ತಿದ್ದರು. ಆದರೆ ಆ ಒಂದು ವಾರ ಮುಗಿಸಿ ಬಂದವರ ಮುಖ ನೋಡಿದರೆ ನನಗೇ ಬಾಯಿ ಕಟ್ಟುತ್ತಿತ್ತು. ವರ್ಷವೆಲ್ಲ ಹ್ಯಾಂಗರಿನ ಗದ್ದಲದಲ್ಲಿ ಬಿಗಿದುಕೊಂಡಿರುತ್ತಿದ್ದ ಹುಬ್ಬು ಸಡಿಲವಾಗಿರುತ್ತಿತ್ತು. ಮಗಳನ್ನು ಕರೆದು, ಮಂಜು ಬಿದ್ದ ಬೆಟ್ಟದ ಮೇಲೆ ಜಿಂಕೆಯ ಉಸಿರು ಹೊಗೆಯ ಹಾಗೆ ಹೊರಡುವುದನ್ನು ಮಾಡಿ ತೋರಿಸುತ್ತಿದ್ದರು. ಹೊಡೆದ ಜಿಂಕೆಯ ಮಾಂಸವೆಲ್ಲ ಗೆಳೆಯನ ಮನೆಗೆ. ನಾವು ಮನೆಯಲ್ಲಿ ಮಾಂಸ ಮಾಡುವವರಲ್ಲ. ನಾನು ಜಗಳ ನಿಲ್ಲಿಸಿದೆ.

ಐವತ್ತು ದಾಟಿದ ಮೇಲೆ ಇವರ ಮಂಡಿ ಸವೆಯಿತು. ಬೆಟ್ಟ ಹತ್ತಿ ಜಿಂಕೆಯ ಹತ್ತಿರ ಹೋಗುವುದು ಆಗದೇ ಹೋಯಿತು. ಕಣಿವೆಯ ಈ ಬದಿಯಲ್ಲಿ ಮಲಗಿ, ಕಣಿವೆಯಾಚೆಯ ಇಳಿಜಾರಿನಲ್ಲಿ ಮೇಯುತ್ತಿರುವ ಜಿಂಕೆಗೆ ಗುರಿ ಇಡಬೇಕು. ಮುಂಚೆ ನೂರು ಮೀಟರ್ ಇದ್ದದ್ದು ಈಗ ಮುನ್ನೂರು ಆಯಿತು. ಹಾಗೆ ಹೊಡೆಯಲು ಹೋದ ಮೊದಲ ವರ್ಷ, ಅದು 2012 ಇರಬೇಕು, ಕೆಟ್ಟದ್ದೊಂದು ನಡೆಯಿತು.

ಅದನ್ನು ಅವರು ಬಂದ ದಿನ ಹೇಳಲಿಲ್ಲ. ಮರುದಿನ ಅನ್ನದ ಮುಂದೆ ಕೂತು ಹುಳಿ ಕಲಸಿದರು, ಕಲಸುತ್ತಲೇ ಇದ್ದರು, ಬಾಯಿಗೆ ಇಡಲಿಲ್ಲ.

“ಏನಾಯ್ತು ರೀ?”

“ಒಂದು ಜಿಂಕೆಗೆ ಏಟು ಬಿತ್ತು. ಬೀಳಲಿಲ್ಲ ಅದು. ಓಡಿಹೋಯ್ತು. ಕತ್ತಲಾಗೋ ತನಕ ಹುಡುಕಿದ್ವಿ. ಬೆಳಗ್ಗೆ ಸಿಕ್ತು, ಹಳ್ಳದಲ್ಲಿ.” ಬೆರಳಿನ ಅನ್ನ ತಟ್ಟೆಗೆ ಉದುರಿಸಿ, “ಇನ್ನೂ ಜೀವ ಇತ್ತು ಕಣೇ,” ಅಂದರು.

ಎದ್ದು ಹೋಗಿ ಕೈ ತೊಳೆದುಕೊಂಡರು. ನಾನು ಅವರ ತಟ್ಟೆಯನ್ನು ಹಾಗೇ ಮುಚ್ಚಿಟ್ಟೆ.

ಆ ಗುಂಡು ಜಿಂಕೆಯ ಮೈಯಲ್ಲಿ ಸೂಜಿಯ ಹಾಗೆ ತೂರಿಕೊಂಡು ಆಚೆ ಹೋಗಿತ್ತಂತೆ. ಬೇಟೆಯ ಗುಂಡು ಮೈಗೆ ಹೊಕ್ಕ ಕೂಡಲೇ ತುದಿ ಬಿರಿದು ಅರಳಬೇಕು. ಅರಳಿದರೆ ಪ್ರಾಣಿ ನಿಂತಲ್ಲೇ ಬೀಳುತ್ತದೆ, ತನಗೇನಾಯಿತು ಅಂತ ಅದಕ್ಕೆ ತಿಳಿಯುವುದೂ ಇಲ್ಲ. ಆದರೆ ದೂರ ಹೋದ ಹಾಗೆಲ್ಲ ಗುಂಡಿನ ವೇಗ ಇಳಿಯುತ್ತದೆ. ಹತ್ತಿರದ ಬೇಟೆಗೆ ಮಾಡಿದ ಗಡಸು ಗುಂಡು ಮುನ್ನೂರು ಮೀಟರಿನಾಚೆ ಅರಳುವುದೇ ಇಲ್ಲ. “ತಪ್ಪು ತೋಟಾ ತಗೊಂಡ್ವಿ,” ಅಂದರು ಇವರು. ಆ ಮಾತನ್ನು ಒಂದು ವರ್ಷ ಪೂರ್ತಿ ಹೇಳಿದರು.

ಆ ವರ್ಷ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಲ್ಯಾಪ್‌ಟಾಪ್, ಪ್ರಿಂಟ್ ಹಾಕಿಸಿದ ಹಾಳೆಗಳು, ತೋಟಾ ಡಬ್ಬಿಗಳ ಫೋಟೋಗಳು. ಕೆಲವರು ಮನೆಯಲ್ಲೇ ಮದ್ದು ಅಳೆದು ತೋಟಾ ತುಂಬಿಕೊಳ್ಳುತ್ತಾರಂತೆ. ಗೆಳೆಯನಿಗೆ ಆ ಸಹವಾಸ ಬೇಡ. ಫ್ಯಾಕ್ಟರಿಯಿಂದ ಬಂದ ಡಬ್ಬಿಗಳಲ್ಲೇ ಆರಿಸಬೇಕು. ಆರಿಸುವ ಕೆಲಸ ಇವರದು, ಅಲ್ಲಿ ಅಂಗಡಿಯಲ್ಲಿ ಕೊಂಡಿಡುವ ಕೆಲಸ ಗೆಳೆಯನದು. ಕೋವಿಯೂ ಗೆಳೆಯನದೇ.

ಮಗಳು ಆಗ ಪಾಲಿಟೆಕ್ನಿಕ್ ಓದುತ್ತಿದ್ದಳು. ಸಂಜೆ ಬಂದು ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಇಲ್ಲೇ ಬೆಳೆದವಳು, ಮಾತಿಗೊಂದು ಸಿಂಗಾಪುರದ ‘ಲಾ’ ಸೇರಿಸುತ್ತಿದ್ದಳು.

“ಅಪ್ಪ, ಇದೇ ಫಾಸ್ಟೆಸ್ಟ್ ಅಲ್ವಾ? ಇದನ್ನೇ ತಗೊಳ್ಳಿ ಲಾ, ಸಿಂಪಲ್.”

“ಹೊರಡೋವಾಗ ಫಾಸ್ಟ್ ಪುಟ್ಟಾ. ಹಗುರದ್ದು ಬೇಗ ಹೊರಟು ಬೇಗ ಸುಸ್ತಾಗುತ್ತೆ. ಗಾಳಿ ಬೀಸಿದ್ರೆ ಪಕ್ಕಕ್ಕೆ ತಳ್ಕೊಂಡು ಹೋಗುತ್ತೆ. ಸ್ವಲ್ಪ ತೂಕ ಇರಬೇಕು, ಉದ್ದಕ್ಕೆ ಚೂಪಾಗಿರಬೇಕು. ಅಂಥದ್ದು ನಿಧಾನಕ್ಕೆ ಹೊರಟ್ರೂ ಕೊನೇ ತನಕ ದಮ್ಮು ಇಟ್ಕೊಂಡಿರುತ್ತೆ.”

“ಮತ್ತೆ ಡಬ್ಬಿ ಮೇಲೆ ಈ ಸ್ಪೀಡ್ ಹಾಕಿದ್ದಾರಲ್ಲ?”

“ಅದು ಅವರ ಉದ್ದನೇ ನಳಿಗೆಯಲ್ಲಿ ಅಳೆದದ್ದು. ನಮ್ಮ ಕೋವಿದು ಗಿಡ್ಡ. ಅಷ್ಟು ಬರಲ್ಲ. ಡಬ್ಬಿ ನಂಬಿ ಲೆಕ್ಕ ಹಾಕಿದ್ರೆ ಗುಂಡು ಕೆಳಗಿಳಿದು ಹೊಟ್ಟೆಗೆ ಬೀಳುತ್ತೆ.”

ಹೊಟ್ಟೆಗೆ ಅಂದಾಗ ಅವರ ದನಿ ಇಳಿಯುತ್ತಿತ್ತು. ಮಗಳು ಮತ್ತೆ ಕೇಳುತ್ತಿರಲಿಲ್ಲ. ನೂರು ಮೀಟರಿಗೆ ಗುರಿ ಸರಿಮಾಡಿದ ಕೋವಿಯ ಗುಂಡು ಮುನ್ನೂರಕ್ಕೆ ಹೋಗುವಷ್ಟರಲ್ಲಿ ಹತ್ತಿರಹತ್ತಿರ ಒಂದು ಮೊಳ ಕೆಳಗೆ ಇಳಿಯುತ್ತದೆ ಅಂತ ನಾನು ಕಲಿತದ್ದು ಹೀಗೆ, ಪಕ್ಕದಲ್ಲಿ ಬೀನ್ಸ್ ಹೆಚ್ಚುತ್ತಾ. ಗೆಳೆಯನಿಗೆ ನಾಲ್ಕು ಬಗೆ ಡಬ್ಬಿ ತರಿಸಿಡಲು ಹೇಳಿದರು. ನಾಲ್ಕನ್ನೂ ಗುರಿಹಲಗೆಗೆ ಹೊಡೆದು ನೋಡುವುದು, ಯಾವುದರ ಗುಂಡುಗಳು ಒಟ್ಟೊಟ್ಟಿಗೆ ಬೀಳುತ್ತವೋ ಅದನ್ನೇ ಒಪ್ಪುವುದು.

ಆ ಏಪ್ರಿಲ್ ನಾನೂ ಜೊತೆಗೆ ಹೋದೆ. ಮಂಡಿಯ ಭಯಕ್ಕೆ. ಇನ್ನೊಂದು ಕಾರಣವೂ ಇತ್ತು, ಆಗ ಅದಕ್ಕೆ ಹೆಸರಿಡಲು ನನಗೆ ಗೊತ್ತಿರಲಿಲ್ಲ. ಹಿಂದಿನ ಕೆಲವು ತಿಂಗಳಿಂದ ಇವರು ಒಂಥರಾ ನಿಧಾನವಾಗಿದ್ದರು.

ಫಾರ್ಮಿನ ಹುಲ್ಲುಗಾವಲಿನಲ್ಲಿ, ಗುಡ್ಡಕ್ಕೆ ಎದುರಾಗಿ ಕಾಗದದ ಗುರಿ ನೆಟ್ಟಿದ್ದರು. ತಣ್ಣನೆ ಬೆಳಗು, ಗಾಳಿಯೇ ಇಲ್ಲ. ಇವರು ಚಾಪೆಯ ಮೇಲೆ ಮಲಗಿ ಕೋವಿಯನ್ನು ಮರಳ ಚೀಲದ ಮೇಲೆ ಇಟ್ಟುಕೊಂಡರು. ಮೊದಲ ಡಬ್ಬಿಯ ಗುಂಡುಗಳು ಕಾಗದದ ತುಂಬ ಚೆದುರಿದವು. “ಇದು ಬೇಡ,” ಅಂದರು. ನಳಿಗೆ ತಣ್ಣಗಾಗಲು ಬಿಟ್ಟು ಎರಡನೆಯದು. ಅದೂ ಚೆದುರಿತು. ಮೂರನೆಯದರಲ್ಲಿ ಎರಡು ಹತ್ತಿರ ಬಿದ್ದು ಒಂದು ಎತ್ತಲೋ ಹೋಯಿತು. ಅವರು ವರ್ಷವೆಲ್ಲ ಇಷ್ಟಪಟ್ಟಿದ್ದ ಡಬ್ಬಿ ನಾಲ್ಕನೆಯದು. ಅದನ್ನು ಹೊಡೆಯುವ ಮುಂಚೆ ಕಣ್ಣುಮುಚ್ಚಿ ಉಸಿರು ಹಿಡಿದರು, ನನಗೆ ಕಾಣಿಸಿತು. ಆ ಗುಂಡುಗಳೂ ಚೆದುರಿದವು. ಗೆಳೆಯ ದುರ್ಬೀನು ಕಣ್ಣಿಗಿಟ್ಟುಕೊಂಡೇ ಇದ್ದರು, ಕೆಳಗಿಳಿಸಲಿಲ್ಲ.

“ಈ ವರ್ಷ ಎಲ್ಲ ಲಾಟೂ ಕೆಟ್ಟದ್ದು ಬಂದಿದೆ,” ಅಂತ ಇವರು ಎದ್ದು ಕೂತರು. “ಇಲ್ಲಾ ಕೋವಿ ಮೇಲಿನ ದುರ್ಬೀನಿನ ಸ್ಕ್ರೂ ಸಡಿಲ ಆಗಿದೆ.”

ನಾನು ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು. ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕುವಾಗ ಒಂದೊಂದನ್ನೇ ಬದಲಿಸಿ ನೋಡುವುದು ನನಗೆ ಕೈಗೆ ಬಂದ ಅಭ್ಯಾಸ. ಯೋಚಿಸದೇ ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಿದೆ, “ಅದೇ ಕೋವಿ, ಅದೇ ಡಬ್ಬಿ, ನೀವೊಂದು ಸಲ ಹೊಡೆದು ನೋಡಿ.”

ಗೆಳೆಯ ನನ್ನ ಮುಖ ನೋಡಿದರು. ಅವರಿಗೆ ಇಷ್ಟವಿರಲಿಲ್ಲ. ಬೇಡ, ಬಿಸಿಲೇರಲಿ, ಟೀ ಕುಡಿಯೋಣ ಅಂದರು. ಇವರೇ ಬಿಡಲಿಲ್ಲ. “ಹೊಡಿ, ಹೊಡಿ. ಸ್ಕ್ರೂ ವಿಷಯ ಗೊತ್ತಾಗಿಬಿಡ್ಲಿ.”

ಗೆಳೆಯ ಮಲಗಿ ಮೂರು ಗುಂಡು ಹೊಡೆದರು. ನಾವು ಮೂವರೂ ನಡೆದು ಹೋಗಿ ಕಾಗದ ನೋಡಿದೆವು. ಮೂರೂ ತೂತುಗಳನ್ನು ಒಂದು ಡಾಲರ್ ನಾಣ್ಯದಿಂದ ಮುಚ್ಚಬಹುದಿತ್ತು.

ಇವರು ಆ ತೂತುಗಳ ಮೇಲೆ ಬಲಗೈ ತೋರುಬೆರಳು ಇಟ್ಟರು. ಬೆರಳು ಕಾಗದದ ಮೇಲೆ ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಟಪ್ ಟಪ್ ಅಂತ ಆ ಕಾಗದದ ಸದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತರು.

“ತೋಟಾ ಚೆನ್ನಾಗಿದೆ,” ಅಂದರು ಕೊನೆಗೆ, ಕನ್ನಡದಲ್ಲಿ, ನನಗೆ ಮಾತ್ರ.

ಆ ವಾರ ಅವರು ಕೋವಿ ಮುಟ್ಟಲಿಲ್ಲ. ಗೆಳೆಯ ಎಷ್ಟು ಕರೆದರೂ ಬೆಟ್ಟಕ್ಕೆ ಹೋಗಲಿಲ್ಲ. ಸಂಜೆ ಗಂಡು ಜಿಂಕೆಗಳು ಕಣಿವೆಯಲ್ಲಿ ಕೂಗುವಾಗ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಶಾಲು ಹೊದಿಸಿ ಪಕ್ಕದಲ್ಲಿ ಕೂತೆ. ಹೊರಡುವ ಹಿಂದಿನ ಸಂಜೆ ಗೆಳೆಯನನ್ನು ಕೇಳಿದರು:

“ಹಾಗಾದ್ರೆ ಹೋದ ವರ್ಷದ್ದೂ ನನ್ನ ಕೈಯೇನಾ?”

ಗೆಳೆಯ ಸುಳ್ಳು ಹೇಳುವ ಮನುಷ್ಯನಲ್ಲ. “ಆ ಜಿಂಕೆ ಕೊಯ್ದವನು ನಾನು. ಗುಂಡು ಅರಳಿರಲಿಲ್ಲ, ಅದು ನಿಜ. ಬೀಳಬೇಕಾದ ಜಾಗದಿಂದ ಹಿಂದಕ್ಕೆ ಬಿದ್ದಿತ್ತು, ಅದೂ ನಿಜ. ಯಾಕೆ ಅಂತ ನಂಗೆ ಗೊತ್ತಿಲ್ಲ ಮಾರಾಯ.” ಅವರು ಅಂದದ್ದು ಇಂಗ್ಲಿಷಿನ ಮಾತು. ನನ್ನ ನೆನಪಿನಲ್ಲಿ ಅದು ಹೀಗೆ ಕನ್ನಡದಲ್ಲೇ ಉಳಿದಿದೆ.

ಸಿಂಗಾಪುರಕ್ಕೆ ಬಂದು ನರರೋಗದ ಡಾಕ್ಟರನ್ನು ನೋಡಿದೆವು. ಆಕೆ ಇವರಿಗಿಂತ ಹೆಚ್ಚು ನನ್ನನ್ನೇ ಕೇಳಿದರು. ನಡೆಯುವಾಗ ಬಲಗೈ ಬೀಸುತ್ತಾರಾ? ಇಲ್ಲ. ಅಕ್ಷರ ಚಿಕ್ಕದಾಗಿದೆಯಾ? ಹೌದು, ಸಹಿ ಇರುವೆಯಷ್ಟಾಗಿದೆ. ವಾಸನೆ ಗೊತ್ತಾಗುತ್ತಾ? ಇಂಗಿನ ಒಗ್ಗರಣೆ ಸೀದು ಮನೆಯೆಲ್ಲ ಹೊಗೆ ತುಂಬಿದಾಗಲೂ ಇವರು ಪಕ್ಕದ ಕೋಣೆಯಿಂದ ಎದ್ದು ಬರಲಿಲ್ಲ ಅಂದೆ. ಮೊದಲು ಪಾರ್ಕಿನ್ಸನ್ ಅಂದರು. ಒಂದು ವರ್ಷವಾದ ಮೇಲೆ, ಮಾತ್ರೆ ಸರಿಯಾಗಿ ಹಿಡಿಯದೇ ಹೋದಾಗ, ಇದು ಅದರ ಜಾತಿಯದೇ ಇನ್ನೊಂದು, ಅದಕ್ಕಿಂತ ಬೇಗ ಹರಡುತ್ತದೆ ಅಂದರು. ಮಾತೂ ನುಂಗುವುದೂ ಕಷ್ಟವಾಗುತ್ತದೆ ಅಂತ ಮುಂಚೆಯೇ ಹೇಳಿದರು.

ಕೆಲಸ ಬಿಟ್ಟರು. ಹಗಲೆಲ್ಲ ಮನೆಯಲ್ಲೇ. ಮೇಜಿನ ಮೇಲಿನ ಹಾಳೆಗಳನ್ನೆಲ್ಲ ತಾವೇ ಕಟ್ಟಿ ಕೆಳಗಿನ ರದ್ದಿಗೆ ಹಾಕಿಸಿದರು. ನಾನು ತಡೆಯಲಿಲ್ಲ. ಆ ಮೇಜು ಖಾಲಿಯಾಗಿ ಹೊಳೆಯುವುದನ್ನು ನೋಡಲಾರದೆ ನಾನೇ ಅದರ ಮೇಲೆ ಇಸ್ತ್ರಿಯ ಬಟ್ಟೆ ರಾಶಿ ಹಾಕಿಡುತ್ತಿದ್ದೆ.

ಮುಂದಿನ ಮಾರ್ಚಿನಲ್ಲಿ ಗೆಳೆಯನ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

“ಅಂಗಡಿಯಲ್ಲಿ ನಿಂತಿದ್ದೀನಿ. ನೀನು ಹೇಳಿದ ನಾಲ್ಕನೇ ಡಬ್ಬಿ ಇಲ್ಲ. ಬೇರೆ ಎರಡು ಬಗೆ ಇವೆ. ಯಾವುದು ತಗೊಳ್ಳಲಿ?”

ಇವರು ತಿಂಗಳುಗಟ್ಟಲೆ ಯಾವುದರಲ್ಲೂ ಮನಸ್ಸಿಟ್ಟಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ಕುರ್ಚಿಯಲ್ಲಿ ನೆಟ್ಟಗಾದರು. ಗುಂಡಿನ ತೂಕ ಎಷ್ಟು, ಆಕಾರ ಹೇಗಿದೆ, ತುದಿ ಮೆತ್ತಗಿನದಾ ಗಡಸಾ, ಆ ಬಗೆಯ ಡಬ್ಬಿಗಳೆಲ್ಲ ಒಂದೇ ಸಲ ತಯಾರಾದವಾ, ಲಾಟ್ ನಂಬರ್ ಒಂದೇನಾ, ಒಂದೇ ಆಗಿದ್ದರೆ ಇದ್ದಬದ್ದದ್ದೆಲ್ಲ ತಗೋ, ಮುಂದಿನ ವರ್ಷಕ್ಕೂ ಅದೇ ಗುರಿ ಉಳಿಯುತ್ತೆ. ಗೆಳೆಯ ಅಂಗಡಿಯ ಮೂಲೆಯಲ್ಲಿ ಕೂತು ಡಬ್ಬಿಗಳನ್ನು ಓದಿ ಹೇಳಿದರು. ಅವರಿಗೆ ಇದೆಲ್ಲ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು, ಇವರಿಗೂ ಗೊತ್ತಿದ್ದಿರಬೇಕು. ಇಬ್ಬರೂ ಗೊತ್ತಿಲ್ಲದವರ ಹಾಗೆ ಅರ್ಧ ಗಂಟೆ ಮಾತಾಡಿದರು. ಫೋನಿಟ್ಟ ಮೇಲೆ ಇವರು ಕಾಫಿ ಕೇಳಿದರು. ತಾವಾಗಿ ಏನನ್ನಾದರೂ ಕೇಳಿ ಎಷ್ಟೋ ದಿನವಾಗಿತ್ತು.

ಆಮೇಲೆ ಪ್ರತಿ ಮಾರ್ಚಿಗೂ ಅದೇ ಫೋನ್. ಮೂರನೆಯ ವರ್ಷದ ಹೊತ್ತಿಗೆ ಇವರ ದನಿ ಪಿಸುಮಾತಾಗಿತ್ತು. ಫೋನಿನಲ್ಲಿ ಗೆಳೆಯನಿಗೆ ಏನೂ ಕೇಳುತ್ತಿರಲಿಲ್ಲ. “ಏನಂದ? ಏನಂದ?” ಅನ್ನುತ್ತಿದ್ದರು. ಇವರು ಬೇಸರದಿಂದ ಮುಖ ತಿರುಗಿಸಿದರು. ನಾನು ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ.

“ಹಗುರದ್ದು ಬೇಡ ಅಂತಿದ್ದಾರೆ,” ಅಂತ ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದೆ. “ತುದಿಗೆ ಪ್ಲಾಸ್ಟಿಕ್ ಮೊನೆ ಇರೋದಾ ಅಂತ ಕೇಳ್ತಿದ್ದಾರೆ.”

“ಹೌದು, ಕೆಂಪು ಮೊನೆ.”

ಮತ್ತೆ ಕಿವಿ ಇಟ್ಟೆ. “ಹಾಗಾದ್ರೆ ಅದು ದೂರದಲ್ಲೂ ಅರಳುತ್ತಂತೆ. ಆದ್ರೆ ಹತ್ತಿರದಲ್ಲಿ ಜಿಂಕೆ ಎದುರಾದ್ರೆ ಭುಜದ ಮೂಳೆಗೆ ಹೊಡೀಬೇಡಿ, ಗುಂಡು ಚೂರುಚೂರಾಗಿ ಒಳಗೆ ಹೋಗಲ್ಲ ಅಂತಿದ್ದಾರೆ.”

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಪ್ರಾಣಿ ಕೊಲ್ಲಬೇಕಾ ಅಂತ ಜಗಳವಾಡುತ್ತಿದ್ದ ಅಮ್ಮ, ಮೂಳೆ ಎಲ್ಲಿ, ಶ್ವಾಸಕೋಶ ಎಲ್ಲಿ ಅಂತ ದೂರದ ದೇಶಕ್ಕೆ ಹೇಳುತ್ತಿದ್ದಳು. ಇವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಅವರ ಕೈಯ ನಡುಕ ನನ್ನ ತೋಳಿನವರೆಗೂ ಬರುತ್ತಿತ್ತು. ಆ ಏಪ್ರಿಲ್ ಗೆಳೆಯ ಮೆಸೇಜ್ ಮಾಡಿದರು: ಒಂದೇ ಗುಂಡು, ನಿಂತಲ್ಲೇ ಬಿತ್ತು, ಏನೂ ತಿಳಿಯಲಿಲ್ಲ ಅದಕ್ಕೆ. ಇವರಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂತ ಕಣ್ಣಲ್ಲೇ ಹೇಳಿದರು. ಎರಡನೇ ಸಲ ಓದುವಾಗ ಅವರ ಕಣ್ಣಿಂದ ನೀರಿಳಿಯಿತು. ನಾನು ಸೆರಗಿನಿಂದ ಒರೆಸಿದೆ, ಗಂಜಿಯ ಬಟ್ಟಲು ಹತ್ತಿರಕ್ಕೆಳೆದೆ.

2018ರ ಮಳೆಗಾಲದ ಕೊನೆಯಲ್ಲಿ ನೀರು ನೆತ್ತಿಗೇರಿ ಎದೆಯಲ್ಲಿ ಸೋಂಕಾಯಿತು. ಆಸ್ಪತ್ರೆಯಲ್ಲಿ ಒಂದು ವಾರ. ಕೊನೆಯ ಬೆಳಿಗ್ಗೆ ನಾನೂ ಮಗಳೂ ಪಕ್ಕದಲ್ಲೇ ಇದ್ದೆವು. ಕೈ ಪೂರ್ತಿ ನಿಶ್ಚಲವಾಗಿತ್ತು. ಎಷ್ಟೋ ವರ್ಷದ ಮೇಲೆ ಆ ಕೈಯನ್ನು ಹಾಗೆ ನೋಡಿದ್ದು. ನನಗೆ ಅದು ತಡೆಯಲಾಗಲಿಲ್ಲ.

ಗೆಳೆಯನಿಗೆ ಬರಲಾಗಲಿಲ್ಲ, ಅವರ ಹೆಂಡತಿಗೆ ಆಪರೇಷನ್ ಇತ್ತು. ಉದ್ದದ ಮೇಲ್ ಬರೆದರು. ನಾನು ಅರ್ಧ ಓದಿ ಮುಚ್ಚಿಟ್ಟೆ. ಉಳಿದರ್ಧವನ್ನು ಮಗಳು ಓದಿದಳು.

ಮರುವರ್ಷ ಮಾರ್ಚಿನಲ್ಲಿ ನಾನು ಆಫೀಸಿನಿಂದ ಬಂದು ಬ್ಯಾಗು ಇಡುತ್ತಿದ್ದೆ. ಫೋನ್ ಬಂತು. ಗೆಳೆಯನ ದನಿ ತಡವರಿಸುತ್ತಿತ್ತು.

“ಕಾಲು ತಾನಾಗೇ ಅಂಗಡಿಗೆ ಬಂತು. ಡಬ್ಬಿ ಕೈಗೆ ತಗೊಂಡ ಮೇಲೆ ನೆನಪಾಯ್ತು. ಕ್ಷಮಿಸಿ.”

“ಪರವಾಗಿಲ್ಲ,” ಅಂದೆ.

“ಇಲ್ಲಿ ಹೊಸದೊಂದು ಬಂದಿದೆ. ಅವನು ಏನು ಹೇಳ್ತಿದ್ದ?”

ನಾನು ಯೋಚಿಸಿದೆ. ತೂಕ, ಮೊನೆ, ನಳಿಗೆಯ ಉದ್ದ, ಗಾಳಿ, ಎಲ್ಲ ಮಾತೂ ನನ್ನ ಬಾಯಿಂದಲೇ ಹೋಗಿತ್ತು. ಆದರೆ ಹೊಸ ಡಬ್ಬಿ ಎದುರಿಟ್ಟು ಇದು ಆಗುತ್ತಾ ಅಂದರೆ ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಇವರ ಮಾತನ್ನು ಆಚೆ ದಾಟಿಸಿದ್ದೆ, ಅಷ್ಟೆ. ಇವರು ಯೋಚಿಸುತ್ತಿದ್ದ ಜಾಗಕ್ಕೆ ನಾನು ಯಾವತ್ತೂ ಹೋಗಿರಲಿಲ್ಲ.

“ನಂಗೊತ್ತಿಲ್ಲ,” ಅಂದೆ. ಅಂದ ಕೂಡಲೇ ಅಳು ಬಂತು. ಇವರು ಹೋದ ದಿನ ಬಂದದ್ದಕ್ಕಿಂತ ದೊಡ್ಡ ಅಳು. ಗೆಳೆಯ ಫೋನಿಡಲಿಲ್ಲ. ಅಂಗಡಿಯ ಬಾಗಿಲ ಗಂಟೆ, ಯಾರೋ ನಗುವುದು, ಕಾರು ಹೋಗುವ ಸದ್ದು ಎಲ್ಲ ನನಗೆ ಕೇಳಿಸುತ್ತಿತ್ತು. ನಾನು ಸುಧಾರಿಸಿಕೊಳ್ಳುವ ತನಕ ಅವರು ಅಲ್ಲೇ ನಿಂತಿದ್ದರು.

ಆ ವರ್ಷ ಅವರು ಹೊಸ ಡಬ್ಬಿ ತೆಗೆದುಕೊಳ್ಳಲಿಲ್ಲವಂತೆ. ಮನೆಯಲ್ಲಿ ಮಿಕ್ಕಿದ್ದ ಹಳೆಯದನ್ನೇ ಜೇಬಿಗೆ ಹಾಕಿಕೊಂಡು, ಹತ್ತಿರ ಹೋಗಿಯೇ ಹೊಡೆಯುತ್ತೇನೆ ಅಂತ ಬೆಟ್ಟ ಹತ್ತಿದರಂತೆ. ಏಪ್ರಿಲ್ ಕೊನೆಗೆ ಫೋನ್ ಮಾಡಿ ಹೇಳಿದರು. ಜಿಂಕೆ ಸಿಗಲಿಲ್ಲ, ಜಾರಿ ಬಿದ್ದು ಕಾಲು ಉಳುಕಿದೆ, ಹೆಂಡತಿ ಬೈಯುತ್ತಿದ್ದಾಳೆ ಅಂದರು. ಉಪ್ಪುನೀರಿನ ಶಾಖ ಕೊಡಿ ಅಂದೆ. ಎಷ್ಟು ಉಪ್ಪು ಅಂತ ಕೇಳಿದರು. ಇದು ನನಗೆ ಗೊತ್ತಿತ್ತು. ಒಂದು ಹಿಡಿ, ನೀರು ಕೈ ತಾಳುವಷ್ಟು ಬಿಸಿ ಇರಲಿ ಅಂತ ಹೇಳಿದೆ.